ಅರಳಿ ಗಾಡಿಯ ಬೆನ್ನು ಹತ್ತಿ

ಹಳೆಯದೇನನ್ನೋ ಹುಡುಕಿಕೊಂಡು ತಿರುಗುವವರಿಗೆ ಇಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ. ನಾನು ಹುಡುಕುತ್ತಿದ್ದದ್ದು ಒಂದು ರೈಲು, ಅದೂ ನಿಂತು ಅರವತ್ತು ವರ್ಷ ಆಗಿರಬಹುದಾದ ರೈಲು. ಹೀಗಾಗಿ ನನಗೆ ಪಾಲಿಗಿಂತ ಸ್ವಲ್ಪ ಹೆಚ್ಚೇ ಬಂದವು. ಮೊದಲನೆಯದು ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲೇ ಆಯಿತು.

"ರಿಟೈರ್ ಆದ್ರೆಲ್ಲ ಅಕ್ಕೋರ, ಈಗ ಏನ ಮಾಡಾಕತ್ತೀರಿ?" ಎಂದು ಅಂಗಡಿಯವರು ಕೇಳಿದರು.

"ಒಂದು ರೈಲು ಹುಡುಕಾಕತ್ತೇನ್ರಿ" ಎಂದೆ.

ಅವರು ಕೈಯಲ್ಲಿದ್ದ ಬೆಲ್ಲ ಕೆಳಗಿಟ್ಟು ಮೊಬೈಲ್ ತೆಗೆದರು. "ನಂಬರ ಹೇಳ್ರಿ. ಎಲ್ಲಿ ಬಂದೈತಿ ಈಗ ನೋಡಿ ಹೇಳತೇನಿ."

"ಅದು ನಿಂತು ಅರವತ್ತು ವರ್ಷ ಆತ್ರಿ."

ಅವರು ಮೊಬೈಲ್ ಒಳಗಿಟ್ಟರು. "ಹಂಗಾರ ಬಾಳ ಲೇಟ್ ಐತಿ ಬಿಡ್ರಿ. ನೀವು ಮನೀಗೆ ಹೋಗಿ ಊಟಾ ಮಾಡ್ರಿ."

ನಾನು ಧಾರವಾಡದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಭೂಗೋಳ ಕಲಿಸಿದವಳು. ಗಂಗಾ ನದಿಯ ಉಪನದಿಗಳನ್ನು ನಿದ್ದೆಯಲ್ಲೂ ಹೇಳಬಲ್ಲೆ. ಆದರೆ ನಮ್ಮದೇ ಊರಿನ ಬಗಲಲ್ಲಿ ಒಂದು ಪುಟ್ಟ ರೈಲು ಓಡಿತ್ತು ಎಂಬುದನ್ನು ನಾನು ಒಪ್ಪಿರಲಿಲ್ಲ. ಒಪ್ಪದ್ದು ನಮ್ಮ ಅತ್ತೆಯವರ ಮಾತನ್ನು.

ಅತ್ತೆಯವರಿಗೆ ಈಗ ಎಂಬತ್ತೆಂಟು. ಅವರು ಮದುವೆಯಾಗಿ ತವರಿನಿಂದ ಧಾರವಾಡಕ್ಕೆ ಬಂದದ್ದು "ಅರಳಿ ಗಾಡಿ"ಯಲ್ಲಂತೆ. ನಮ್ಮ ಕಡೆ ಅರಳಿ ಎಂದರೆ ಹತ್ತಿ. ಅಮ್ಮಿನಬಾವಿ ಹಾದಿಯಲ್ಲಿ ಒಂದು ಹತ್ತಿ ಗಿರಣಿ ಇತ್ತಂತೆ, ಅಲ್ಲಿಂದ ಹೆಬ್ಬಳ್ಳಿ ಕಡೆಯ ಹೊಲಗಳನ್ನು ಹಾದು ಧಾರವಾಡ ಸ್ಟೇಷನ್ನಿನ ಹಿಂಭಾಗದ ತನಕ ಗಿರಣಿಯವರೇ ಹಾಕಿಸಿದ ಏಳೆಂಟು ಮೈಲಿಯ ಸಣ್ಣ ಹಳಿ ಇತ್ತಂತೆ. ಅತ್ತೆಯವರು ಈ ಕತೆ ಶುರು ಮಾಡಿದರೆ ಮನೆಯವರೆಲ್ಲ ಮುಸಿಮುಸಿ ನಗುತ್ತಿದ್ದೆವು. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಒಮ್ಮೆ ಭೂಗೋಳದ ಟೀಚರ್ ಎಂಬ ಗತ್ತಿನಲ್ಲಿ ಹೇಳಿಯೂ ಬಿಟ್ಟಿದ್ದೆ: "ಅತ್ತಿ, ಯಾವ ನಕಾಶದಾಗೂ ಆ ಲೈನ್ ಇಲ್ರಿ. ನೀವು ಬಂದದ್ದು ಚಕ್ಕಡಿ ಇರಬೇಕು."

ಅವರು ಆಮೇಲೆ ನನ್ನ ಮುಂದೆ ಆ ಕತೆ ಹೇಳುವುದನ್ನೇ ಬಿಟ್ಟರು. ನಾನು ಗೆದ್ದೆ ಅಂದುಕೊಂಡೆ. ನಿವೃತ್ತಿಯಾದ ವರ್ಷ, ಹಳೇ ಪೇಪರ್ ಮಾರುವವರ ಹತ್ತಿರ ಕೊಂಡ ಒಂದು ಮಾಸಿದ ತಾಲೂಕು ನಕ್ಷೆಯಲ್ಲಿ, ಹೆಬ್ಬಳ್ಳಿ ಬದಿಯಲ್ಲಿ, ಕೂದಲೆಳೆಯಷ್ಟು ಸಣ್ಣ ಅಡ್ಡಗೀರುಗಳ ಗೆರೆಯೊಂದು ಕಂಡಿತು. ರೈಲು ಹಳಿಯನ್ನು ನಕ್ಷೆಯಲ್ಲಿ ಹೇಗೆ ತೋರಿಸುತ್ತಾರೆ ಎಂದು ಇಪ್ಪತ್ತೆಂಟು ವರ್ಷ ಬೋರ್ಡಿನ ಮೇಲೆ ಬರೆದವಳು ನಾನು. ಅಂದು ರಾತ್ರಿ ಊಟದಲ್ಲಿ ಅತ್ತೆಯವರಿಗೆ ಮುಖ ಕೊಟ್ಟು ಮಾತಾಡುವುದಾಗಲಿಲ್ಲ. ಖಾತ್ರಿ ಮಾಡಿಕೊಂಡೇ ಅವರ ಮುಂದೆ ನಿಲ್ಲಬೇಕು ಎಂದು ನಿಶ್ಚಯಿಸಿದೆ. ಅವರ ವಯಸ್ಸು ನೋಡಿದರೆ ಬಹಳ ದಿನ ತಡ ಮಾಡುವ ಹಾಗೂ ಇರಲಿಲ್ಲ.

೧. ಹೊಲದಲ್ಲಿ ನಿಲ್ದಾಣ

ಮೊದಲು ನಕ್ಷೆ ಹಿಡಿದುಕೊಂಡು ಹೆಬ್ಬಳ್ಳಿ ಕಡೆಯ ಹೊಲಗಳಿಗೆ ಹೋದೆ. ಕರಿ ಮಣ್ಣಿನ ನಡುವೆ ಒಂದು ಕಡೆ ಬದು ಬೇರೆ ಬದುಗಳ ಹಾಗೆ ನೇರ ಇರದೆ ಹದವಾಗಿ ಬಾಗಿಕೊಂಡು ಹೋಗಿತ್ತು. ಎತ್ತಿನ ಹಾದಿ ಹಾಗೆ ಬಾಗುವುದಿಲ್ಲ. ನಾನು ಖುಷಿಯಿಂದ ಟೇಪು ಬಿಚ್ಚಿ ಬದುವಿನ ಅಗಲ ಅಳೆಯತೊಡಗಿದೆ.

ತಲೆಯೆತ್ತಿದರೆ ಸುತ್ತ ಏಳೆಂಟು ಜನ ನಿಂತಿದ್ದರು. ಟವೆಲ್ ಹೆಗಲಿಗೆ ಹಾಕಿಕೊಂಡ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು. "ನಮ್ಮ ಹೊಲಾ ಎಷ್ಟು ಹೋಗತೈತ್ರಿ ಬಾಯಾರ?"

"ಎಲ್ಲಿಗೂ ಹೋಗಂಗಿಲ್ರಿ. ಇಲ್ಲೆ ಹಿಂದಕ ರೈಲು ಇತ್ತು, ಅದನ್ನ ನೋಡಾಕ ಬಂದೇನಿ."

"ರೈಲು?" ಎಂದರು ಅವರು. ಅದೊಂದೇ ಶಬ್ದ ಅವರಿಗೆ ಸಾಕಾಯಿತು. "ಹಿಂದಕ" ಎಂಬುದು ಗಾಳಿಗೆ ಹೋಯಿತು.

ಎಂಟು ದಿನ ಬಿಟ್ಟು ಮತ್ತೆ ಹೋದಾಗ ಊರು ಎರಡಾಗಿತ್ತು. ರೈಲು ನಮ್ಮ ಹೊಲ ಮುಟ್ಟಬಾರದು ಎನ್ನುವವರು ಒಂದು ಕಡೆ, ರೈಲು ಬಂದರೆ ಇಲ್ಲಿ ನಿಲ್ಲಲೇಬೇಕು ಎನ್ನುವವರು ಇನ್ನೊಂದು ಕಡೆ. ಇಬ್ಬರೂ ನನಗಾಗಿ ಕಾಯುತ್ತಿದ್ದರು. ನಾನು ಕಟ್ಟೆಯ ಮೇಲೆ ಕೂತು ನಕ್ಷೆ ಬಿಚ್ಚಿ, ಇದು ಬರುವ ರೈಲಲ್ಲ, ಹೋದ ರೈಲು ಎಂದು ಶಾಲೆಯ ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದೆ. ಇದನ್ನೆಲ್ಲ ಬರೆದು ಒಂದು ಪುಸ್ತಕ ಮಾಡುವ ವಿಚಾರ ಇದೆ ಎಂದೂ ಹೇಳಿದೆ. ಅರ್ಧ ತಾಸು ಹಿಡಿಯಿತು. ಕೊನೆಗೆ ಎಲ್ಲರಿಗೂ ತಿಳಿಯಿತು, ಎರಡೂ ಕಡೆಯವರಿಗೂ ಸ್ವಲ್ಪ ಬೇಸರವೇ ಆಯಿತು.

ಹೊರಡುವಾಗ ಆ ಟವೆಲಿನ ಹಿರಿಯರು ನನ್ನ ಜೊತೆ ಬಸ್ ಸ್ಟ್ಯಾಂಡಿನ ತನಕ ಬಂದರು. "ಆ ಹಳೇ ಗಾಡಿ ನಮ್ಮೂರಾಗ ನಿಲ್ಲತಿತ್ತೇನ್ರಿ?"

"ನಕಾಶದಾಗ ಇಲ್ರಿ. ನಿಲ್ಲತಿರಲಿಲ್ಲ ಅನ್ನಸತೈತಿ."

ಅವರು ಟವೆಲ್ ಕೊಡವಿ ಇನ್ನೊಂದು ಹೆಗಲಿಗೆ ಹಾಕಿಕೊಂಡರು. "ಹೊಸಾದು ನಿಮ್ಮ ಕೈಯಾಗಿಲ್ಲ, ಖರೇ. ಹಳೇದು ನಿಮ್ಮ ಕೈಯಾಗ ಐತೆಲ್ಲ. ಅದರಾಗರ ನಮ್ಮೂರಿಗೊಂದು ಸ್ಟಾಪ್ ಬರದು ಬಿಡ್ರಿ. ಯಾರು ಇಳದು ನೋಡತಾರ?"

೨. ಮರದ ಉತ್ತರ

ಹೊಲದ ಬದು ಒಂದನ್ನೇ ನಂಬಿ ಅತ್ತೆಯವರ ಮುಂದೆ ನಿಲ್ಲುವ ಧೈರ್ಯ ನನಗಿರಲಿಲ್ಲ. ಕಾಗದ ಬೇಕು ಅನಿಸಿತು. ಹಳೆಯ ದಾಖಲೆ ಇಡುವ ದೂರದ ಒಂದು ಕಚೇರಿಗೆ ಅರ್ಜಿ ಬರೆದೆ: "ಧಾರವಾಡ ತಾಲೂಕಿನಲ್ಲಿ ಹಿಂದೆ ಇದ್ದ ಅರಳಿ ಗಾಡಿ ಮಾರ್ಗದ ಬಗ್ಗೆ, ಅದನ್ನು ಕಿತ್ತುಹಾಕಿದ ಬಗ್ಗೆ ಮಾಹಿತಿ ಒದಗಿಸಬೇಕು."

ಆ ಕಡೆಯವರಿಗೆ ಅರಳಿ ಎಂದರೆ ಮರ. ಕಟ್ಟೆ ಕಟ್ಟಿ ಪೂಜೆ ಮಾಡುವ ಅರಳಿ ಮರ. ನಾವು ಅದಕ್ಕೆ ಬಸರಿ, ಆಲ ಎಂದು ಏನೇನೋ ಅಂದುಕೊಂಡು ಬದುಕುತ್ತೇವೆ, ಅರಳಿ ಎಂದರೆ ಮಾತ್ರ ನಮಗೆ ಹಾಸಿಗೆಯಲ್ಲಿ ತುಂಬುವುದು. ಇದು ಅರ್ಜಿ ಬರೆಯುವಾಗ ನನಗೆ ಹೊಳೆಯಲಿಲ್ಲ.

ಮೂರು ತಿಂಗಳಾದ ಮೇಲೆ ಲಕೋಟೆ ಬಂತು. ನನ್ನ ಅರ್ಜಿ ಆ ಕಚೇರಿಯಿಂದ ಗಿಡಮರ ನೋಡಿಕೊಳ್ಳುವ ಇನ್ನೊಂದು ಕಚೇರಿಗೆ, ಅಲ್ಲಿಂದ ಮತ್ತೊಂದಕ್ಕೆ ಹೋಗಿ, ಹೋದಲ್ಲೆಲ್ಲ ಮುದ್ರೆ ಒತ್ತಿಸಿಕೊಂಡಿತ್ತು. ಒಳಗಿನ ಉತ್ತರ ಬಹಳ ಸೌಜನ್ಯದ್ದು. ಸದರಿ ಮಾರ್ಗವನ್ನು ಸ್ಥಳಪರಿಶೀಲನೆ ಮಾಡಲಾಗಿದೆ, ಅಲ್ಲಿ ಯಾವುದೇ ಅರಳಿಯನ್ನು ಕಿತ್ತುಹಾಕಿದ ಕುರುಹು ಕಂಡುಬಂದಿಲ್ಲ, ತಮ್ಮ ಪರಿಸರ ಕಾಳಜಿಗೆ ಧನ್ಯವಾದ, ಎಂದು ಬರೆದಿತ್ತು. ಜೊತೆಗೆ, ತಾವು ಬಯಸಿದಲ್ಲಿ ಮಳೆಗಾಲದಲ್ಲಿ ಹತ್ತು ಸಸಿಗಳನ್ನು ಒದಗಿಸಲಾಗುವುದು.

ನಾನು ನಗುತ್ತ ಅದನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ. ಅವರು ಇಡೀ ಆಯುಷ್ಯ ಕಚೇರಿಯಲ್ಲೇ ಕಳೆದು ಬಂದವರು. ನಗಲಿಲ್ಲ. ಕನ್ನಡಕ ಏರಿಸಿ ಮತ್ತೊಮ್ಮೆ ಓದಿದರು.

"ನಗಬ್ಯಾಡ. ಇಷ್ಟು ಲಗೂ, ಇಷ್ಟು ಛಲೋ ಉತ್ತರಾ ನಾ ಸರ್ವಿಸ್‌ನ್ಯಾಗ ನೋಡೇ ಇಲ್ಲ. ಸಸಿ ತರಸು."

೩. ಬಿಟ್ಟ ಗಂಟೆ

ಕಾಗದ ಸಿಗಲಿಲ್ಲವಾದ್ದರಿಂದ ಕಬ್ಬಿಣ ಹುಡುಕತೊಡಗಿದೆ. ಹಳಿ ಕಿತ್ತರೆ ಆ ಕಬ್ಬಿಣ ಎಲ್ಲಿಯಾದರೂ ಹೋಗಿರಲೇಬೇಕಲ್ಲ. ಒಂದು ಮನೆಯ ಮಾಡಿಗೆ ತೊಲೆಯಾಗಿ, ಇನ್ನೊಂದು ಕಡೆ ದನದ ಕೊಟ್ಟಿಗೆಯ ಕಂಬವಾಗಿ ತುಂಡುಗಳು ಇವೆ ಎಂದು ಜನ ಹೇಳಿದರು. ಹೋಗಿ ನೋಡಿದರೆ ಸುಣ್ಣ ಬಳಿದು ಬಳಿದು ಅವು ಯಾವ ಹಳಿಯೆಂದು ಹೇಳುವ ಸ್ಥಿತಿಯಲ್ಲಿರಲಿಲ್ಲ.

ಒಂದು ದಿನ ಪೆನ್ಶನ್ ಕಾಗದದ ಸಲುವಾಗಿ ನನ್ನ ಹಳೆಯ ಶಾಲೆಗೆ ಹೋಗಿದ್ದೆ. ಪಡಸಾಲೆಯಲ್ಲಿ ಕಾಯುತ್ತ ಕೂತವಳು ಸುಮ್ಮನೆ ಮೇಲೆ ನೋಡಿದೆ. ತೊಲೆಗೆ ಸರಪಳಿ ಹಾಕಿ ತೂಗುಬಿಟ್ಟ ಶಾಲೆಯ ಗಂಟೆ. ಗಂಟೆಯೆಂದರೆ ದುಂಡಗಿನದಲ್ಲ, ಮೊಳದುದ್ದದ ಕಬ್ಬಿಣದ ತುಂಡು. ಮೇಲೆ ದಪ್ಪ, ನಡುವೆ ಸಪೂರ, ಕೆಳಗೆ ಅಗಲ. ಇಪ್ಪತ್ತೆಂಟು ವರ್ಷ ಅದರ ಸದ್ದಿಗೆ ಎದ್ದು ಕೂತಿದ್ದೆ. ಅದು ರೈಲಿನ ಹಳಿ ಎಂದು ಒಂದು ದಿನವೂ ನೋಡಿರಲಿಲ್ಲ. ದೊಡ್ಡ ರೈಲಿನ ಹಳಿಯ ಅರ್ಧದಷ್ಟೂ ಇಲ್ಲದ ಪುಟ್ಟ ಹಳಿ.

ಸ್ಟೂಲ್ ಎಳೆದು ಹತ್ತಿದೆ. ಬದಿಯಲ್ಲಿ ಏನೋ ಅಕ್ಷರ ಎರಕ ಹೊಯ್ದ ಹಾಗೆ ಕಂಡಿತು. ಸೆರಗಿನಿಂದ ಒರೆಸಿದೆ, ಕೀಲಿಕೈಯಿಂದ ತುಕ್ಕು ಕೆರೆದೆ. ಅಕ್ಷರ ಕಾಣಲಿಲ್ಲ. ತುಕ್ಕಿನ ಹೆಕ್ಕಳೆ ಉದುರಲಿ ಎಂದು ಬಗಲಲ್ಲಿ ತೂಗಿದ್ದ ಸುತ್ತಿಗೆ ತೆಗೆದುಕೊಂಡು ಎರಡು ಪೆಟ್ಟು ಮೆಲ್ಲಗೆ ಹೊಡೆದೆ. ಮತ್ತೆರಡು. ಮತ್ತೆರಡು.

ಮಧ್ಯಾಹ್ನ ಎರಡೂವರೆ. ಮೊದಲು ಒಂದು ಬಾಗಿಲು ತೆರೆಯಿತು, ಆಮೇಲೆ ಎಲ್ಲ ಬಾಗಿಲೂ. ಐದು ನಿಮಿಷದೊಳಗೆ ಇಡೀ ಶಾಲೆ ಪಾಟೀಚೀಲದ ಸಮೇತ ಗೇಟಿನಾಚೆ ಇತ್ತು. ಹೆಡ್ ಮಾಸ್ತರರು ಓಡಿ ಬಂದಾಗ ಪಡಸಾಲೆಯಲ್ಲಿ ಉಳಿದಿದ್ದವಳು ನಾನೊಬ್ಬಳೇ, ಸ್ಟೂಲಿನ ಮೇಲೆ, ಸುತ್ತಿಗೆ ಹಿಡಿದುಕೊಂಡು. ಅವರು ನನ್ನ ಕೈಯಲ್ಲೇ ಭೂಗೋಳ ಕಲಿತವರು, ಬಯ್ಯುವ ಹಾಗಿರಲಿಲ್ಲ.

"ಮಕ್ಕಳನ್ನ ತಿರುಗಿ ಕರೀಲೇನು?" ಎಂದು ಅವರು ಗಂಟೆ ಹೊಡೆಯುವ ಸಿಪಾಯಿಯನ್ನು ಕೇಳಿದರು.

ಸಿಪಾಯಿ ಹಳೆಯ ಮನುಷ್ಯ. "ಬಿಟ್ಟ ಗಂಟಿ ತಿರುಗಿ ಕರ್ಯಾಕ ಬರಂಗಿಲ್ರಿ ಸರ್" ಎಂದ. ಆಮೇಲೆ ನನ್ನನ್ನು ಕೈ ಹಿಡಿದು ಇಳಿಸಿ ಹೇಳಿದ. "ಇದು ಅರಳಿ ಗಾಡೀದು ಅಕ್ಕೋರ. ಹಳಿ ಕಿತ್ತಾಗ ನಮ್ಮಪ್ಪ ಹೆಗಲ ಮ್ಯಾಲೆ ಹೊತ್ತ ತಂದಿದ್ದ."

ನಾನು ಸುತ್ತಿಗೆ ಅವನ ಕೈಗೆ ಕೊಟ್ಟೆ. "ಇಷ್ಟು ವರ್ಷ ನನಗ ಯಾಕ ಹೇಳಲಿಲ್ಲೋ?"

"ಹೆಂಗ ಹೇಳಲ್ರಿ? ನಾ ಗಂಟಿ ಹೊಡದು ತಿರಗೂದರಾಗ ಮಕ್ಕಳಕಿಂತ ಮೊದಲ ನೀವು ಗೇಟ್ ದಾಟಿರತಿದ್ರಿ."

೪. ಎಣಿಸಿದ ಗಾಲಿಗಳು

ಶಾಲೆಯ ಗಂಟೆಯ ಸುದ್ದಿ ಊರಲ್ಲಿ ಹಬ್ಬಿತು. ಸತ್ತೂರಿನ ಒಂದು ಮನೆಯವರು ತಮ್ಮ ಹಳೇ ಟ್ರಂಕಿನಲ್ಲಿದ್ದ ಒಂದು ಫೋಟೋ ತಂದುಕೊಟ್ಟರು. ಪುಟ್ಟ ಎಂಜಿನ್ನು, ಅದರ ಮುಂದೆ ತಲೆಗೆ ಪಟಗ ಸುತ್ತಿಕೊಂಡು ಎದೆ ಸೆಟೆಸಿ ನಿಂತ ಮೂವರು. ಅರಳಿ ಗಾಡಿಯನ್ನು ಕಣ್ಣಾರೆ ಕಂಡ ಹಾಗಾಯಿತು.

ಭೂತಗನ್ನಡಿ ಹಿಡಿದು ಹದಿನೈದು ದಿನ ಆ ಫೋಟೋ ನೋಡಿದೆ. ಗಾಲಿ ಎಣಿಸಿದೆ. ಹೊಗೆಕೊಳವೆಯ ಎತ್ತರವನ್ನು ನಿಂತವರ ಎತ್ತರಕ್ಕೆ ಹೋಲಿಸಿ ಲೆಕ್ಕ ಹಾಕಿದೆ. ಹೊಗೆ ಬಲಕ್ಕೆ ಬಾಗಿದ್ದು ನೋಡಿ ಅಂದು ಗಾಳಿ ಪಡುವಣದಿಂದ ಬೀಸುತ್ತಿತ್ತು, ಆದ್ದರಿಂದ ಎಂಜಿನ್ನಿನ ಮುಖ ಧಾರವಾಡದ ಕಡೆ ಇತ್ತು ಎಂದು ಎರಡು ಪುಟ ಬರೆದೆ. ಗೆಳೆಯರು ಸೇರಿ ಒಂದು ಸಂಜೆ ಸಣ್ಣ ಸಭಾಗೃಹದಲ್ಲಿ ನನ್ನ ಮಾತು ಇಟ್ಟರು. ಪರದೆಯ ಮೇಲೆ ಫೋಟೋ ದೊಡ್ಡದಾಗಿ ಮೂಡಿತು. ನಾನು ಕೋಲು ಹಿಡಿದು ಗಾಲಿ, ಕೊಳವೆ, ಗಾಳಿ ಎಲ್ಲ ವಿವರಿಸಿದೆ. ಜನ ಚಪ್ಪಾಳೆ ತಟ್ಟಿದರು.

ಮುಂದಿನ ಸಾಲಿನಲ್ಲಿ ಇಳಕಲ್ ಸೀರೆಯ ಅಜ್ಜಿಯೊಬ್ಬರು ಕೂತಿದ್ದರು. ಊರಲ್ಲಿ ನಡೆಯುವ ಸಭೆಗೆಲ್ಲ ಬಂದು, ಚಹಾ ಕುಡಿದು ಹೋಗುವವರು. ಅವರು ಕೈ ಎತ್ತಿದರು.

"ನಡುವ ನಿಂತಾಂವ ನಮ್ಮ ಸೋದರಮಾವ."

ಸಭೆಯಲ್ಲಿ ಉತ್ಸಾಹದ ಗುಜುಗುಜು. ನಾನು ಕೋಲು ಕೆಳಗಿಟ್ಟು ಕೈ ಮುಗಿದೆ. "ಅವರು ಈ ಗಾಡಿ ನಡಸತಿದ್ರೇನ್ರಿ?"

"ಇಲ್ಲವ್ವ. ಅಂವ ಹಿಟ್ಟಿನ ಗಿರಣಿ ಇಟಗೊಂಡಿದ್ದ. ಇದು ಹುಬ್ಬಳ್ಳಿ ಫೋಟೋ ಸ್ಟುಡಿಯೋದಾಗ ತಗಿಸಿದ್ದು. ಅಲ್ಲೆ ಎರಡು ಪರದೆ ಇದ್ವು. ಒಂದರ ಮ್ಯಾಲೆ ಎಂಜಿನ್ನು, ಒಂದರ ಮ್ಯಾಲೆ ತಾಜಮಹಲು. ತಾಜಮಹಲ್‌ಗೆ ಪಾಳಿ ಬಾಳ ಇತ್ತಂತ, ಇದರ ಮುಂದ ನಿಂತ್ರು."

ಯಾರೂ ನಗಲಿಲ್ಲ. ನಗದೆ ಇರಲು ಪಡುತ್ತಿದ್ದ ಕಷ್ಟ ಮಾತ್ರ ಎಲ್ಲರ ಮುಖದಲ್ಲಿ ಕಾಣುತ್ತಿತ್ತು. ನಾನು ತಿರುಗಿ ಪರದೆ ನೋಡಿದೆ. ಈಗ ಕಂಡಿತು. ಎಂಜಿನ್ನಿನ ಗಾಲಿಯ ಕೆಳಗೆ ಬಟ್ಟೆ ಮಡಚಿ ಮುದ್ದೆಯಾಗಿತ್ತು. ಹದಿನೈದು ದಿನ ಭೂತಗನ್ನಡಿ ಹಿಡಿದು ನೋಡಿದ ಜಾಗ ಅದು. ಆ ಮಡಿಕೆಯನ್ನು ನಾನು "ಹಳಿಗುಂಟ ಹಾಕಿದ ಜಲ್ಲಿ" ಎಂದು ಬರೆದಿದ್ದೆ. ಅತ್ತೆಯವರ ರೈಲನ್ನು ಕಾಣದೆ ಇದ್ದದ್ದೂ ಇದೇ ಕಣ್ಣು, ಬಟ್ಟೆಯ ಮೇಲೆ ರೈಲು ಕಂಡದ್ದೂ ಇದೇ ಕಣ್ಣು ಎಂದು ಆಗ ಅನಿಸಿತು.

ಸಭೆ ಮುಗಿದ ಮೇಲೆ ಅಜ್ಜಿ ನನ್ನ ಹತ್ತಿರ ಬಂದು ಬೆನ್ನು ಸವರಿದರು. "ಬ್ಯಾಸರಾ ಮಾಡಕೋಬ್ಯಾಡ. ನಿನಗ ಖರೇ ಗಾಡಿಯಾಂವ ಬೇಕೇನು? ಹುಬ್ಬಳ್ಯಾಗ ನಮ್ಮ ಬೀಗರ ಬಾಜೂ ಮನ್ಯಾಗ ಒಬ್ಬ ಮುದುಕ ಅದಾನ. ಅರಳಿ ಗಾಡ್ಯಾಗ ಇದ್ದಲಿ ಹಾಕತಿದ್ನಂತ. ಆದ್ರ ಲಗೂ ಹೋಗು, ತೊಂಬತ್ತು ದಾಟೇತಿ." ನಾಲ್ಕು ಹೆಜ್ಜೆ ಹೋಗಿ ಮತ್ತೆ ತಿರುಗಿದರು. "ಮತ್ತ ಆ ಗಾಳಿ ಪಡುವಣದಿಂದ ಬೀಸತಿತ್ತು ಅಂದಿ ನೋಡು, ಅದು ಖರೇ ಇರಬೇಕು. ಸ್ಟುಡಿಯೋದ ಫ್ಯಾನ್ ಆ ಕಡೇನ ಇತ್ತು."

೫. ಭಜಿಯ ವೇಳಾಪಟ್ಟಿ

ಮರುದಿನವೇ ಹುಬ್ಬಳ್ಳಿಗೆ ಹೋದೆ. ಎಂಜಿನ್ನಿಗೆ ಇದ್ದಿಲು ಹಾಕುತ್ತಿದ್ದ ಅಜ್ಜ ಮೊಮ್ಮಗನ ಮನೆಯ ಜಗಲಿಯಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದರು. ಕಿವಿ ಸ್ವಲ್ಪ ಮಂದ, ನೆನಪು ಚುರುಕು. ಆದರೆ ಆ ನೆನಪು ಒಂದು ವಿಚಿತ್ರ ರೀತಿಯಲ್ಲಿ ಜೋಡಿಸಿಟ್ಟಂತಿತ್ತು.

"ಗಾಡಿ ಯಾವ ಯಾವ ಕಡೆ ನಿಲ್ಲತಿತ್ರಿ ಅಜ್ಜಾರ?"

"ಗಿರಣಿ ಬಿಟ್ಟ ಮ್ಯಾಲೆ ಮಿರ್ಚಿ. ಆಮ್ಯಾಲೆ ಹಳ್ಳದ ಕಡೆ ಚುರಮರಿ. ಧಾರವಾಡ ಮುಟ್ಟಿದ ಮ್ಯಾಲೆ ಚಹಾ."

"ಎಷ್ಟು ಹೊತ್ತು ಹಿಡೀತಿತ್ರಿ?"

"ಮಿರ್ಚಿ ಬಿಸಿ ಇದ್ರ ಜಲ್ದಿ. ಭಜಿಯಾಂವ ತಡಾ ಮಾಡಿದ್ರ ನಾವೂ ತಡಾ. ಡ್ರೈವರ ತಿನ್ನದ ಬಿಡತಿರಲಿಲ್ಲ."

ನಾನು ಬರೆದುಕೊಂಡೆ. ಇತಿಹಾಸದ ಪುಸ್ತಕಗಳಲ್ಲಿ ಇಂಥದ್ದು ಯಾಕೆ ಬರೆಯುವುದಿಲ್ಲವೋ ಗೊತ್ತಿಲ್ಲ, ನನಗೆ ಮಾತ್ರ ಮೊದಲ ಬಾರಿ ಆ ಗಾಡಿ ಓಡುತ್ತಿರುವಂತೆ ಅನಿಸಿತು. ಕರಿ ಮಣ್ಣು ಮಳೆಗೆ ಉಬ್ಬಿದರೆ ಹಳಿ ಕುಣಿಯುತ್ತಿತ್ತಂತೆ. ಆಗ ಡ್ರೈವರ ಎಷ್ಟು ನಿಧಾನ ಹೊಡೆಯುತ್ತಿದ್ದನೆಂದರೆ ಅಜ್ಜ ಇಳಿದು, ಬದುವಿನ ಮೇಲಿನ ಸೌತೆಕಾಯಿ ಹರಿದುಕೊಂಡು, ಮತ್ತೆ ಹತ್ತುತ್ತಿದ್ದರಂತೆ.

ಕೊನೆಗೆ ನನ್ನ ಪ್ರಶ್ನೆ ಕೇಳಿದೆ. ಹೆಸರಾಗಲಿ ಊರಾಗಲಿ ನಾನಾಗಿ ಬಾಯಿ ಬಿಡಬಾರದು ಎಂದು ಮೊದಲೇ ತೀರ್ಮಾನಿಸಿದ್ದೆ, ಪರದೆಯ ಫೋಟೋ ಅಷ್ಟು ಬುದ್ಧಿ ಕಲಿಸಿತ್ತು. "ಆ ಗಾಡ್ಯಾಗ ಅರಳಿ ಬಿಟ್ಟು ಮಂದೀನ್ನ ಯಾವಾಗರ ಕುಂದ್ರಿಸಿಕೊಂಡೀರೇನ್ರಿ?"

ಅಜ್ಜ ಕಣ್ಣು ಮುಚ್ಚಿದರು. ನಿದ್ದೆ ಹತ್ತಿತೋ ಏನೋ ಅಂದುಕೊಂಡೆ.

"ಒಮ್ಮೆ" ಎಂದರು. "ಒಂದ ಸಲ. ಅಡ್ಡಮಳಿ ಹೊಡದು ಚಕ್ಕಡಿ ಹೂತಿದ್ವು. ಗಿರಣ್ಯಾಗ ಅರಳಿ ತೂಗಾವನ ಮಗಳ ಮದುವಿ. ಮಾಲಕರು ಹೂಂ ಅಂದ್ರು. ಖಾಲಿ ಡಬ್ಬ್ಯಾಗ ಮದುಮಗಳನ್ನ, ಹೆಣ್ಮಕ್ಕಳನ್ನ ಕುಂದ್ರಿಸಿ ಧಾರವಾಡಕ್ಕ ತಂದ್ವಿ. ಅವತ್ತು ಮಿರ್ಚಿ ಇರಲಿಲ್ಲ. ಬುಂದೇದ ಉಂಡಿ ಕೊಟ್ಟಿದ್ರು."

ನಮ್ಮ ಅತ್ತೆಯವರ ತಂದೆ ಗಿರಣಿಯಲ್ಲಿ ಹತ್ತಿ ತೂಗುತ್ತಿದ್ದವರು. ನನ್ನ ಕಣ್ಣಲ್ಲಿ ನೀರು ಬಂತು. ಅಜ್ಜ ಅದನ್ನು ನೋಡಿ ಗಾಬರಿಯಾಗಿ ಒಳಗೆ ಕೂಗಿ ಹೇಳಿದರು. "ಏ ತಂಗಿ, ಇವರಿಗೆ ಏನರ ತಿನ್ನಾಕ ಕೊಡು. ಉಂಡಿ ಹೆಸರ ಕೇಳಿದ್ದಕ್ಕ ಅಳಾಕತ್ತಾರ."

೬. ಮದುಮಗ

ಅಜ್ಜನನ್ನು ಧಾರವಾಡಕ್ಕೆ ಕರೆತರುವುದು ಎಂದು ನಾನು, ನಮ್ಮ ಮನೆಯವರು ಸೇರಿ ನಿಶ್ಚಯ ಮಾಡಿದೆವು. ಮುಂದಿನ ರವಿವಾರ ಕಾರು ತೆಗೆದುಕೊಂಡು ಹೋಗಿ ಕರೆತಂದೆವು. ಅತ್ತೆಯವರಿಗೆ ಮೊದಲೇ ಹೇಳಿದ್ದೆ. ಅವರು ಟ್ರಂಕಿನೊಳಗಿನ ಗಳಿಗೆ ಮುರಿಯದ, ಒಮ್ಮೆಯೂ ಉಡದ ಸೀರೆ ಉಟ್ಟು, ಊಟದ ಹೊತ್ತಿಗಿಂತ ಒಂದು ತಾಸು ಮೊದಲೇ ಪಡಸಾಲೆಯಲ್ಲಿ ಬಂದು ಕೂತಿದ್ದರು. ಅವರ ಹಿಂದೆ ಗೋಡೆಯ ಮೇಲೆ ನಮ್ಮ ಮಾವನವರ ದೊಡ್ಡ ಫೋಟೋ. ಹುರಿಮೀಸೆ, ಗರಡಿಯಲ್ಲಿ ಪಳಗಿದ ಮೈ. ಮಾವನವರು ಬರಿಗೈಯಲ್ಲಿ ತೋಳ ಓಡಿಸಿದ್ದನ್ನು ಕೇಳದೆ ನಮ್ಮ ಮನೆಯಲ್ಲಿ ಯಾವ ಮಗುವೂ ದೊಡ್ಡದಾಗಿಲ್ಲ. ನಮ್ಮ ಮನೆಯವರಿಗಂತೂ ತಂದೆಯೆಂದರೆ ದೇವರಿಗಿಂತ ಮೊದಲು.

ಅಜ್ಜ ಬಂದು ಎದುರು ಕೂತರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಎಪ್ಪತ್ತೆರಡು ವರ್ಷ ಮುಖದಿಂದ ತೆಗೆದು ನೋಡುವುದು ಸುಲಭವಲ್ಲ.

"ಕೆಂಪ ಸೀರಿ ಉಟ್ಟಿದ್ರಿ" ಎಂದರು ಅಜ್ಜ.

"ಹಸರ" ಎಂದರು ಅತ್ತೆ.

"ಕೆಂಪ ಇತ್ರಿ."

"ಉಟ್ಟಾಕಿ ನಾನು."

ಅದು ಬೇರೆ ಯಾರದೋ ಮದುವೆಯಿರಬೇಕು ಎಂದು ನನಗೆ ಅನುಮಾನ ಬಂತು. ಅಜ್ಜ ಕೈಬಿಟ್ಟರು. "ಇರ್ಲಿ ಬಿಡ್ರಿ. ಇಳ್ಯೂದರಾಗ ಹೊಗಿ ಬಡದು ಕರ್ರಗಂತೂ ಆಗಿತ್ತು." ಆಮೇಲೆ ಕೇಳಿದರು. "ಹಳ್ಳದ ಕಡೆ ನಿಂತದ್ದು ನೆನಪೈತೇನ್ರಿ?"

"ನೀರು ತೀರಿತ್ತು" ಎಂದರು ಅತ್ತೆ. "ಎಂಜಿನ್ನಿಂದು."

"ಹೌದ್ರಿ."

"ನೀವೊಬ್ರ ಬಕೆಟ್ ತಗೊಂಡು ಓಡ್ಯಾಡಾಕತ್ತಿದ್ರಿ. ನಮ್ಮತ್ತಿ ಅಂದ್ರು, ಮದುವಿ ಕೊಡಾ ಇರೂದ ನೀರು ತರಾಕ, ಏಳ್ರಿ ಅಂತ. ಹೆಣ್ಮಕ್ಕಳೆಲ್ಲಾ ಇಳದು ಹಿತ್ತಾಳಿ ಕೊಡಾ ತುಂಬಿ ತುಂಬಿ ಕೊಟ್ವಿ. ನಾನೂ ಒಂದು ಕೊಡಾ ಕೊಟ್ಟೇನಿ, ಬಾಸಿಂಗ ಕಟಗೊಂಡು."

"ಕೊಟ್ರಿ" ಎಂದರು ಅಜ್ಜ. "ಆ ಕೊಡಾ ನಾನ ಇಸಗೊಂಡೇನಿ."

ಅತ್ತೆಯವರು ಮಗನ ಕಡೆ ತಿರುಗಿದರು. ಗೆದ್ದ ಮುಖವಲ್ಲ ಅದು. ಬಹಳ ದಿನ ಹೊತ್ತದ್ದನ್ನು ಕೆಳಗಿಟ್ಟವರ ಮುಖ. "ಕೇಳಿದ್ಯೇನಪಾ?" ಎಂದರು, ಅಷ್ಟೇ. ನಾನು ಎದ್ದು ಹೋಗಿ ಅವರ ಕಾಲು ಮುಟ್ಟಿದೆ. "ತಪ್ಪಾತ್ರಿ ಅತ್ತಿ" ಎಂದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, "ನಕಾಶದಾಗ ಇರಲಿಲ್ಲಲ್ಲ, ನೀ ಏನ ಮಾಡ್ತಿ" ಎಂದರು.

ಅಲ್ಲಿಗೇ ನಿಂತಿದ್ದರೆ ಇದು ಬೇರೆಯೇ ಕತೆಯಾಗುತ್ತಿತ್ತು. ಆದರೆ ಅಜ್ಜ ಗೋಡೆಯ ಮೇಲಿನ ಫೋಟೋ ನೋಡುತ್ತಿದ್ದರು.

"ಇವರ ಅಲ್ಲೇನ್ರಿ ಮದುಮಗ?"

"ಹೌದ್ರಿ, ನಮ್ಮಪ್ಪ" ಎಂದರು ನಮ್ಮ ಮನೆಯವರು, ಹೆಮ್ಮೆಯಿಂದ.

"ಚಹಾ ಆರತೈತಿ, ಕುಡೀರಿ" ಎಂದರು ಅತ್ತೆ, ತಟ್ಟನೆ.

ಅಜ್ಜನಿಗೆ ಕಿವಿ ಮಂದ ಎಂದೆನಲ್ಲ. "ಹತ್ರಿ ಹತ್ರಿ ಅಂತ ಎಷ್ಟ ಹೇಳಿದ್ವಿ. ಎಂಜಿನ್ನು ಒಮ್ಮೆ ಬುಸ್ ಅಂತು ನೋಡ್ರಿ, ಇವರು ನಾಕ ಮಾರು ಹಿಂದ ಸರದ್ರು. ಆಮ್ಯಾಲೆ ಬಾಸಿಂಗ ಕಟಗೊಂಡು, ಧೋತರಾ ಮ್ಯಾಲ ಕಟ್ಟಿ, ಧಾರವಾಡ ತನಕಾ ಹಳಿ ಗುಂಟ ನಡಕೋತ ಬಂದ್ರು. ಡ್ರೈವರ ನಕ್ಕ ನಕ್ಕ ಎರಡು ಸಲ ಸೀಟಿ ಊದೂದು ಮರತ."

ನಮ್ಮ ಮನೆಯವರು ಫೋಟೋ ನೋಡಿದರು, ತಾಯಿಯನ್ನು ನೋಡಿದರು.

"ಅವ್ವ, ಅಪ್ಪ ಗಾಡಿಗೆ ಅಂಜಿದ್ನೇನು?"

ಅತ್ತೆಯವರು ಸೆರಗು ಸರಿ ಮಾಡಿಕೊಂಡರು. "ತೋಳ ಬುಸ್ ಅನ್ನಂಗಿಲ್ಲಲ್ಲೋ" ಎಂದರು.

"ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ನೀವು ಗಾಡೀನ ಖರೇ ಅನ್ನಲಿಲ್ಲ. ಇನ್ನ ಗಂಡ ಹಿಂದ ನಡಕೋತ ಬಂದ ಅಂದ್ರ ಯಾರು ಖರೇ ಅಂತಿದ್ರಿ?"

"ಹಿಂದಲ್ರಿ ಅವ್ವಾರ" ಎಂದರು ಅಜ್ಜ. ಚಹಾದ ಮಾತು ಕೇಳಿಸದ ಅವರಿಗೆ ಈ ಮಾತು ಸರಿಯಾಗಿ ಕೇಳಿಸಿತ್ತು. "ಹಳ್ಳದ ತನಕಾ ಬಾಜೂಕಿದ್ರು. ನಾವು ನೀರು ಹಾಕೂದರಾಗ ಮುಂದ ಹೋದ್ರು."

ನಾನು ನಗು ತಡೆದುಕೊಳ್ಳಲು ತುಟಿ ಕಚ್ಚಿ ಕೇಳಿದೆ. "ಹಂಗಾರ ಧಾರವಾಡ ಮೊದಲ ಯಾರು ಮುಟ್ಟಿದ್ರಿ ಅತ್ತಿ?"

"ಅವರ" ಎಂದರು ಅತ್ತೆ. ಗೋಡೆಯ ಕಡೆ ನೋಡಿದರು. ಅವರ ಮುಖದಲ್ಲಿ ಹದಿನಾರರ ಹುಡುಗಿಯೊಬ್ಬಳು ಒಂದು ಕ್ಷಣ ಬಂದು ಹೋದಳು. "ಬಂದು, ಕೈಕಾಲು ತೊಳಕೊಂಡು, ಟೇಷನ್ ಹಿಂದ ಬೇವಿನ ಗಿಡದ ನೆರಳಾಗ ಕಾಲ ಮ್ಯಾಲೆ ಕಾಲ ಹಾಕ್ಕೊಂಡು ಕುಂತಿದ್ರು. ನಾ ಡಬ್ಬಿ ಇಳದು ಬರೂದ ತಡ, ಎಲ್ಲಾರ ಮುಂದ ಕೇಳಿದ್ರು, 'ಯಾಕ, ಇಷ್ಟು ಹೊತ್ತು ಎಲ್ಲಿ ಹೋಗಿದ್ದಿ?' ಅಂತ."